ವ್ಯತಿರೇಕದ ಸಾಕ್ಷ್ಯ: ವೈಜ್ಞಾನಿಕ ಪ್ರಯೋಗಗಳಲ್ಲಿ ನಿಯಂತ್ರಣದ ಪಾತ್ರ

1

ಕಾಗೆ ಬಂದು ಕುಳಿತ ಗಳಿಗೆಯಲ್ಲೇ ತಾಳೆಯ ಹಣ್ಣು ಉದುರಿದರೆ, ಉದುರಿದ್ದಕ್ಕೆ ಕಾಗೆಯೇ ಕಾರಣವೆಂದು ಹೇಳಲಾಗದು. ಈ ತಿಳಿವನ್ನು ನಮ್ಮ ಹಿರಿಯರು ಕಾಕತಾಳೀಯ ನ್ಯಾಯವೆಂದು ಹೆಸರಿಸಿದರು. ಎರಡು ಘಟನೆಗಳು ಒಂದರ ಬೆನ್ನಿಗೆ ಒಂದು ನಡೆದುವೆಂಬುದಷ್ಟೇ ಅವುಗಳ ನಡುವಣ ಕಾರ್ಯಕಾರಣ ಸಂಬಂಧಕ್ಕೆ ಆಧಾರವಾಗದು. ಭಾರತೀಯ ತರ್ಕಶಾಸ್ತ್ರವು ಇಂಥಲ್ಲಿ ಅನ್ವಯ ಮತ್ತು ವ್ಯತಿರೇಕ ಎಂಬ ಎರಡು ಬಗೆಯ ಪರೀಕ್ಷೆಯನ್ನು ಬಯಸುತ್ತದೆ. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಔಷಧ ಸೇವಿಸಿದವನು ಗುಣಮುಖನಾದ ಎಂಬಲ್ಲಿ ಅನ್ವಯ ಮಾತ್ರವಿದೆ. ಸೇವಿಸದವನ ಗತಿಯೇನಾಯಿತೆಂದು ವಿಚಾರಿಸುವವರೆಗೆ ಆ ಮಾತಿಗೆ ಪೂರ್ಣ ಪ್ರಾಮಾಣ್ಯ ದೊರೆಯದು.

ಆಧುನಿಕ ವಿಜ್ಞಾನ ಈ ವ್ಯತಿರೇಕವನ್ನು ತಾನಾಗಿ ಒದಗಿ ಬರಲೆಂದು ಕಾಯುವುದಿಲ್ಲ. ಪ್ರಯೋಗದ ಜೊತೆಗೇ ಅದನ್ನು ರಚಿಸಿಟ್ಟುಕೊಳ್ಳುತ್ತದೆ. ಕೊಳೆತ ಮಾಂಸದಲ್ಲಿ ಹುಳುಗಳು ತಾವಾಗಿಯೇ ಹುಟ್ಟುತ್ತವೆಂಬ ನಂಬಿಕೆಯನ್ನು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪರೀಕ್ಷಿಸಿದಾಗ ಮಾಡಿದ್ದು ಇದನ್ನೇ. ಆತ ಕೆಲವು ಪಾತ್ರೆಗಳನ್ನು ತೆರೆದಿಟ್ಟ, ಕೆಲವನ್ನು ಮುಚ್ಚಿದ. ಮುಚ್ಚಿದ ಪಾತ್ರೆಯಲ್ಲಿ ಹುಳುಗಳು ಕಾಣದಿದ್ದಾಗ, ಗಾಳಿಯಾಡದ್ದರಿಂದ ಹಾಗಾಗಿರಬಹುದೆಂಬ ಆಕ್ಷೇಪಕ್ಕೆ ಅವಕಾಶವಿತ್ತು. ಅದಕ್ಕಾಗಿ ಗಾಳಿಯಾಡುವ, ಆದರೆ ನೊಣ ನುಸುಳಲಾರದ ತೆಳುಬಟ್ಟೆ ಹೊದಿಸಿದ ಪಾತ್ರೆಗಳನ್ನೂ ಇರಿಸಿದ. ಅಲ್ಲಿಯೂ ಮಾಂಸದಲ್ಲಿ ಹುಳುಗಳಾಗಲಿಲ್ಲ. ಒಂದೊಂದು ಆಕ್ಷೇಪಕ್ಕೆ ಒಂದೊಂದು ಪಾತ್ರೆ ಉತ್ತರವಾಗಿ ನಿಂತುದನ್ನು ಇಲ್ಲಿ ಗಮನಿಸಬೇಕು.

ಹೀಗೆ ಹೋಲಿಕೆಗೆಂದು ಇರಿಸಿಕೊಂಡ ಭಾಗವನ್ನು ಇಂಗ್ಲಿಷಿನಲ್ಲಿ ಕಂಟ್ರೋಲ್ ಎನ್ನುತ್ತಾರೆ. ಕನ್ನಡದಲ್ಲಿ ನಿಯಂತ್ರಣ ಎಂಬ ಪದ ರೂಢಿಗೆ ಬಂದಿದೆ. ಅದರ ಸ್ವರೂಪವನ್ನೂ, ಅದು ದುರ್ಬಲವಾದಾಗ ಒದಗುವ ತೊಡಕನ್ನೂ, ಮನುಷ್ಯರೇ ಅದರಲ್ಲಿ ಭಾಗಿಗಳಾದಾಗ ಏಳುವ ನೈತಿಕ ಪ್ರಶ್ನೆಯನ್ನೂ ನಮ್ಮ ನೆರೆಹೊರೆಯಲ್ಲೇ ನಡೆದ ಕೆಲವು ಪ್ರಯೋಗಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲಿಗೆ ಪದವನ್ನು ನೋಡಬೇಕು. ‘ನಿಯಂತ್ರಣ’ ಎಂದೊಡನೆ ಅಂಕೆ, ಹತೋಟಿ, ತಡೆ ಎಂಬ ಅರ್ಥಗಳು ಹೊಳೆಯುತ್ತವೆ. ಇಂಗ್ಲಿಷ್ ಪದದ ಹುಟ್ಟು ಬೇರೆಯದು. ಮಧ್ಯಯುಗದ ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಅದಕ್ಕೆ ‘ಪ್ರತಿಸುರುಳಿ’ ಎಂಬ ಅರ್ಥವಿತ್ತು. ಲೆಕ್ಕದ ಸುರುಳಿಗೆ ಎದುರಾಗಿ ಮತ್ತೊಬ್ಬ ಬರೆದಿಡುತ್ತಿದ್ದ ಜೋಡಿ ಲೆಕ್ಕವದು. ಎರಡನ್ನೂ ತಾಳೆ ನೋಡಿದರೆ ತಪ್ಪೋ ಮೋಸವೋ ಹೊರಬೀಳುತ್ತಿತ್ತು. ಹತೋಟಿ ಎಂಬ ಅರ್ಥ ಆಮೇಲೆ ಬಂದದ್ದು. ಪ್ರಯೋಗದ ಸಂದರ್ಭದಲ್ಲಿ ಈ ಹಳೆಯ ಅರ್ಥವೇ ಹೆಚ್ಚು ಹೊಂದುತ್ತದೆ. ನಿಯಂತ್ರಣ ಗುಂಪು ಎಂದರೆ ಯಾರದೋ ಅಂಕೆಯಲ್ಲಿರುವ ಗುಂಪಲ್ಲ, ತಾಳೆ ನೋಡಲು ಇರಿಸಿದ ಪ್ರತಿಲೆಕ್ಕ. ರೂಢಿಯ ಪದವನ್ನು ಬಿಡಬೇಕಾಗಿಲ್ಲ. ಓದುವಾಗ ಈ ಅರ್ಥ ಮನಸ್ಸಿನಲ್ಲಿದ್ದರೆ ಸಾಕು.

ಥಾಣೆ-ಬೇಲಾಪುರ ಪಟ್ಟಿಯ, ಡೊಂಬಿವಲಿಯ, ಅಂಬರನಾಥದ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳ ಪರೀಕ್ಷಾಲಯಗಳಲ್ಲಿ ಕೆಲಸ ಮಾಡಿದವರಿಗೆ ಈ ಪ್ರತಿಲೆಕ್ಕ ದಿನನಿತ್ಯದ ಸಂಗತಿ. ಪರೀಕ್ಷಿಸಬೇಕಾದ ಮಾದರಿಯನ್ನು ಹಾಕದೆ, ಉಳಿದೆಲ್ಲ ದ್ರಾವಣಗಳನ್ನು ಅದೇ ಪ್ರಮಾಣದಲ್ಲಿ ಸೇರಿಸಿ ನಡೆಸುವ ಪರೀಕ್ಷೆಯನ್ನು ಅಲ್ಲಿ ‘ಬ್ಲ್ಯಾಂಕ್’ ಎನ್ನುತ್ತಾರೆ. ಬ್ಲ್ಯಾಂಕಿನಲ್ಲೂ ಬಣ್ಣ ಬಂದರೆ ಆ ಬಣ್ಣ ಮಾದರಿಯದಲ್ಲ, ದ್ರಾವಣದ್ದೋ ಪಾತ್ರೆಯದೋ ಆಗಿರಬೇಕು. ಇದು ಋಣಾತ್ಮಕ ನಿಯಂತ್ರಣ. ಇದಕ್ಕೆ ಪ್ರತಿಯಾಗಿ ಧನಾತ್ಮಕ ನಿಯಂತ್ರಣವೂ ಉಂಟು. ಕುಡಿಯುವ ನೀರಿನಲ್ಲಿ ರೋಗಾಣುಗಳಿವೆಯೇ ಎಂದು ಪರೀಕ್ಷಿಸುವಾಗ, ರೋಗಾಣುಗಳಿರುವುದು ಖಚಿತವಾದ ಒಂದು ಮಾದರಿಯನ್ನೂ ಜೊತೆಗಿಡುತ್ತಾರೆ. ಅದರಲ್ಲೂ ಏನೂ ಬೆಳೆಯದಿದ್ದರೆ ನೀರು ಶುದ್ಧವೆಂದು ಹೇಳುವಂತಿಲ್ಲ. ಬೆಳೆಸುವ ಮಾಧ್ಯಮವೇ ಕೆಟ್ಟಿದೆಯೆಂದು ತಿಳಿಯಬೇಕು. ಇಲ್ಲದ್ದನ್ನು ಇದೆಯೆಂದು ಹೇಳುವ ತಪ್ಪನ್ನು ಮೊದಲನೆಯದು ತಡೆದರೆ, ಇದ್ದುದನ್ನು ಇಲ್ಲವೆನ್ನುವ ತಪ್ಪನ್ನು ಎರಡನೆಯದು ತಡೆಯುತ್ತದೆ.

ಗಾಜಿನ ನಳಿಕೆಗಳಲ್ಲಿ ಇದು ಸುಲಭ. ಎರಡು ನಳಿಕೆಗಳನ್ನು ಒಂದೇ ತೆರನಾಗಿಸಬಹುದು. ಇಬ್ಬರು ಮನುಷ್ಯರನ್ನು ಹಾಗೆ ಮಾಡಲಾಗದು. ವಯಸ್ಸು, ಆಹಾರ, ಮನೆ, ಸ್ವಭಾವ ಎಲ್ಲವೂ ಭಿನ್ನ. ನಿಯಂತ್ರಣದ ನಿಜವಾದ ಕಷ್ಟ ಆರಂಭವಾಗುವುದು ಇಲ್ಲಿ. ಅದನ್ನು ತಿಳಿಯಲು ಮುಂಬಯಿಯ ಪ್ಲೇಗಿನ ಇತಿಹಾಸಕ್ಕಿಂತ ಉತ್ತಮವಾದ ಪಾಠ ಬೇರೆ ದೊರೆಯದು.

3

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಶಿಯೊ ವಿಯೆಗಸ್ ಅವರು ಪ್ಲೇಗನ್ನು ಗುರುತಿಸಿದರು. ಮುಂದಿನ ಕೆಲವು ತಿಂಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಥಾಣೆ, ಕಲ್ಯಾಣ್ ದಾರಿಯಾಗಿ ಪುಣೆ, ನಾಶಿಕಗಳ ಕಡೆಗೆ ಹೋಗುವ ರೈಲುಗಳಲ್ಲಿ ಅವರೊಂದಿಗೆ ರೋಗವೂ ಹೊರಟಿತು. ಆ ವೇಳೆಗೆ ಕಲ್ಕತ್ತೆಯಲ್ಲಿ ಕಾಲರಾ ಲಸಿಕೆಯ ಕೆಲಸ ಮಾಡಿದ್ದ, ಒಡೆಸ್ಸಾ ಮೂಲದ ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಗೆ ಬಂದು ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಇದರಿಂದ ಲಸಿಕೆ ಪ್ರಾಣಕ್ಕೆ ಅಪಾಯಕರವಲ್ಲವೆಂದು ತಿಳಿಯಿತು. ಅದು ರೋಗವನ್ನು ತಡೆಯುತ್ತದೆಯೇ ಎಂಬುದನ್ನು ಒಬ್ಬನೇ ವ್ಯಕ್ತಿಯ ದೇಹ ಹೇಳಲಾರದು.

ಅದೇ ತಿಂಗಳ ಕೊನೆಗೆ ಬೈಕಲಾ ಸೆರೆಮನೆಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಬಂದಿಗಳಲ್ಲಿ ಸುಮಾರು ನೂರೈವತ್ತು ಮಂದಿ ಲಸಿಕೆಗೆ ಮುಂದೆ ಬಂದರು. ಉಳಿದವರು ಒಪ್ಪಲಿಲ್ಲ. ಎಲ್ಲರದೂ ಒಂದೇ ಆವರಣ, ಒಂದೇ ಆಹಾರ, ಒಂದೇ ದಿನಚರಿ. ಲಸಿಕೆ ಪಡೆಯದವರಲ್ಲಿ ಮುಂದೆ 12 ಮಂದಿಗೆ ರೋಗ ತಗಲಿ 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂದರೂ ಯಾರೂ ಸಾಯಲಿಲ್ಲ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಲಸಿಕೆ ಹಾಕಿಸಿಕೊಂಡವರ ಪೈಕಿ ಮೂವರಲ್ಲಿ ಅಂದೇ ರೋಗದ ಲಕ್ಷಣಗಳು ಕಾಣಿಸಿದುವು, ಅವರು ತೀರಿಕೊಂಡರು. ಲಸಿಕೆ ಕೆಲಸ ಮಾಡಲು ಸಮಯ ಬೇಕು, ರೋಗ ಅದಕ್ಕೆ ಮುನ್ನವೇ ಒಳಹೊಕ್ಕಿತ್ತು ಎಂದು ಅವರನ್ನು ಲೆಕ್ಕದಿಂದ ಬೇರೆಯಿರಿಸಲಾಯಿತು. ಇದು ತರ್ಕಬದ್ಧವಾದುದೇ. ಆದರೆ ಯಾರನ್ನು, ಯಾವ ದಿನದಿಂದ ಎಣಿಸಬೇಕೆಂಬ ನಿಯಮವನ್ನು ಫಲಿತಾಂಶ ಕಾಣುವ ಮೊದಲೇ ಗೊತ್ತುಪಡಿಸದಿದ್ದರೆ ಅನುಕೂಲವಾದುದನ್ನಷ್ಟೇ ಎಣಿಸುವ ಆಸೆಗೆ ಎಡೆಯಾಗುತ್ತದೆ. ಇನ್ನೊಂದು ಕೊರತೆಯೂ ಇತ್ತು. ಲಸಿಕೆ ಹಾಕಿಸಿಕೊಂಡವರು ತಾವಾಗಿ ಮುಂದೆ ಬಂದವರು. ಹಾಗೆ ಬಂದವರು ಹೆಚ್ಚು ದೃಢಕಾಯರೋ, ಹೆಚ್ಚು ಎಚ್ಚರದವರೋ ಆಗಿದ್ದರೆ ಉಳಿವಿನ ಶ್ರೇಯಸ್ಸಿನಲ್ಲಿ ಲಸಿಕೆಗೆ ಎಷ್ಟು ಪಾಲು, ಸ್ವಭಾವಕ್ಕೆ ಎಷ್ಟು ಪಾಲು?

1898ರಲ್ಲಿ ಬರೋಡಾ ಸಮೀಪದ ಉಂಧೇರಾ ಗ್ರಾಮದಲ್ಲಿ ಈ ಕೊರತೆಯನ್ನು ತುಂಬುವ ಯತ್ನ ನಡೆಯಿತು. ಅಲ್ಲಿ ಪ್ರತಿಯೊಂದು ಕುಟುಂಬದಲ್ಲೂ ಸುಮಾರು ಅರ್ಧದಷ್ಟು ಸದಸ್ಯರಿಗೆ ಲಸಿಕೆ ಹಾಕಿ, ಉಳಿದವರನ್ನು ಹಾಗೆಯೇ ಬಿಡಲಾಯಿತು. ಒಂದೇ ಮನೆ, ಒಂದೇ ಒಲೆ, ಒಂದೇ ಇಲಿಗಳ ಕಾಟ. ಆಯ್ಕೆ ಅವರವರ ಇಷ್ಟಕ್ಕೆ ಸೇರಿದುದಾಗಿರಲಿಲ್ಲ. ಬಳಿಕ ಪ್ಲೇಗ್ ಹೊಕ್ಕ 28 ಕುಟುಂಬಗಳಲ್ಲಿ ಲಸಿಕೆ ಪಡೆದಿದ್ದ 71 ಮಂದಿಯಲ್ಲಿ 8 ಮಂದಿಗೆ ರೋಗ ಬಂದು 3 ಮಂದಿ ಸತ್ತರು. ಪಡೆಯದ 64 ಮಂದಿಯಲ್ಲಿ 27 ಮಂದಿಗೆ ರೋಗ ಬಂದು 26 ಮಂದಿ ಸತ್ತರು. ಬೈಕಲಾದ ಅಂಕಿಗಳಿಗಿಂತ ಉಂಧೇರಾದ ಅಂಕಿಗಳು ಹೆಚ್ಚು ನಂಬಿಕೆ ಹುಟ್ಟಿಸುವುದು ಪ್ರಯೋಗ ಗುಂಪಿನಿಂದಾಗಿ ಅಲ್ಲ, ನಿಯಂತ್ರಣ ಗುಂಪಿನ ರಚನೆಯಿಂದಾಗಿ.

4

ಅದೇ ವರ್ಷ ಪ್ಲೇಗು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯನ್ನು ಹೊಕ್ಕಿತು. ಸುಮಾರು ಅರ್ಧಲಕ್ಷ ಜನಸಂಖ್ಯೆಯ ಆ ಊರಿನಲ್ಲಿ ಕೆಲವೇ ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಲಾಯಿತು. ಕ್ಯಾಪ್ಟನ್ ಲ್ಯೂಮನ್ ಅವರ ಹೆಸರು ಈ ಕಾರ್ಯದೊಂದಿಗೆ ಸೇರಿಕೊಂಡಿದೆ. ಜನಹಿತದ ದೃಷ್ಟಿಯಿಂದ ಇದೊಂದು ದೊಡ್ಡ ಸಾಧನೆ. ಆದರೆ ಪ್ರಮಾಣದ ದೃಷ್ಟಿಯಿಂದ ಅದೊಂದು ಬಿಕ್ಕಟ್ಟು.

ಬೈಕಲಾದಲ್ಲಿ ಗುಂಪುಗಳು ಒಂದೇ ದಿನ ಬೇರ್ಪಟ್ಟಿದ್ದುವು. ಹುಬ್ಬಳ್ಳಿಯಲ್ಲಿ ಹಾಗಿರಲಿಲ್ಲ. ವಾರದಿಂದ ವಾರಕ್ಕೆ ಜನ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ಜೂನಿನಲ್ಲಿ ಲಸಿಕೆ ಪಡೆಯದವರಲ್ಲಿ ಎಣಿಕೆಯಾದವನು ಆಗಸ್ಟಿನಲ್ಲಿ ಪಡೆದವರಲ್ಲಿ ಸೇರುತ್ತಿದ್ದ. ಹಾಗೆ ಸೇರಬೇಕಾದರೆ ಆತ ಆಗಸ್ಟಿನವರೆಗೆ ಬದುಕಿರಬೇಕು. ಜುಲೈಯಲ್ಲಿ ಸತ್ತಿದ್ದರೆ ಆ ಸಾವು ಲಸಿಕೆ ಪಡೆಯದವರ ಲೆಕ್ಕಕ್ಕೇ ಬೀಳುತ್ತಿತ್ತು. ವರ್ಷದ ಕೊನೆಗೆ ಎರಡು ಗುಂಪುಗಳನ್ನು ಒಟ್ಟಾಗಿ ಹೋಲಿಸಿದರೆ ನಿಷ್ಪ್ರಯೋಜಕವಾದ ಲಸಿಕೆಯೂ ಪ್ರಯೋಜನಕಾರಿಯೆಂಬಂತೆ ತೋರಬಹುದು. ಇದನ್ನು ತಪ್ಪಿಸಲು ವಾರವಾರದ ಲೆಕ್ಕವೇ ಬೇಕು. ಅದಕ್ಕೂ ಪ್ರತಿ ವಾರ ಲಸಿಕೆಯಿಲ್ಲದೆ ಊರಲ್ಲಿ ಉಳಿದವರೆಷ್ಟೆಂದು ನಿಖರವಾಗಿ ತಿಳಿದಿರಬೇಕು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಈ ಸಂಖ್ಯೆ ಅಂದಾಜಿನದಾಗುವುದು ಅನಿವಾರ್ಯ. ಲಸಿಕೆ ವ್ಯಾಪಕವಾದಂತೆಲ್ಲ ನಿಯಂತ್ರಣ ಗುಂಪು ಕರಗುತ್ತ ಹೋಯಿತು. ಕೊನೆಗೆ ಉಳಿದ ಕೆಲವರು ಯಾವ ಕಾರಣಕ್ಕಾಗಿ ಉಳಿದರು, ಅವರು ಊರಿನ ಉಳಿದವರಂತೆಯೇ ಇದ್ದರೇ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಫ್ರೇಸರ್ ಅವರ ಅಧ್ಯಕ್ಷತೆಯಲ್ಲಿ 1898ರಲ್ಲಿ ನೇಮಕವಾದ ಭಾರತೀಯ ಪ್ಲೇಗ್ ಆಯೋಗವು ಇಂಥ ಅಂಕಿಗಳ ನಿಖರತೆಯನ್ನು ಕಟ್ಟುನಿಟ್ಟಾಗಿ ಪ್ರಶ್ನಿಸಿತು. ಆದರೂ ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗುತ್ತವೆಂಬ ಒಟ್ಟು ನಿರ್ಣಯಕ್ಕೆ ಬಂತು. ಮುಂದೆ 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಲಸಿಕೆಗಳ ಹೋಲಿಕೆಗೆ ಕೆಲವು ನಿಬಂಧನೆಗಳನ್ನು ಸೂಚಿಸಿದರು. ಎರಡೂ ಗುಂಪಿನ ಜನ ಮುಖ್ಯ ವಿಷಯಗಳಲ್ಲೆಲ್ಲ ಒಂದೇ ತೆರನಾಗಿರಬೇಕು. ರೋಗಕ್ಕೆ ಒಡ್ಡಿಕೊಳ್ಳುವ ಅವಕಾಶ ಇಬ್ಬರಿಗೂ ಸಮವಾಗಿರಬೇಕು. ಲಸಿಕೆ ಪಡೆದನೇ ಎಂಬುದನ್ನೂ ರೋಗ ಬಂತೇ ಎಂಬುದನ್ನೂ ನಿರ್ಧರಿಸುವ ಮಾನದಂಡಗಳು ಪರಸ್ಪರ ಸ್ವತಂತ್ರವಾಗಿರಬೇಕು. ಅವರು ಪರಿಶೀಲಿಸಿದ ಸಾಮಗ್ರಿಯಲ್ಲಿ ಹಾಫ್ಕಿನ್ ಅವರ ಕಾಲರಾ ಲಸಿಕೆಯ ಅಂಕಿಗಳೂ ಇದ್ದುವು ಎಂಬುದು ಗಮನಾರ್ಹ.

ಹಾಫ್ಕಿನ್ ಅವರ ಸ್ವಂತ ಬದುಕಿನಲ್ಲೂ ವ್ಯತಿರೇಕದ ಪ್ರಶ್ನೆ ಒಮ್ಮೆ ಕಠೋರವಾಗಿ ಎದುರಾಯಿತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 107 ಮಂದಿಯಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ದೋಷ ಮುಂಬಯಿಯ ಪ್ರಯೋಗಾಲಯದ್ದೆಂದು ಹೇಳಿ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಸತ್ತವರೆಲ್ಲರೂ ಒಂದೇ ಸೀಸೆಯ ಲಸಿಕೆ ಪಡೆದವರು. ಬೇರೆ ಸೀಸೆಗಳಿಂದ ಪಡೆದ 88 ಮಂದಿಗೆ ಧನುರ್ವಾಯು ಬರಲಿಲ್ಲ. ಯಾರೂ ಯೋಜಿಸದೆ ದೊರೆತ ಈ ನಿಯಂತ್ರಣ ಗುಂಪು, ಲಸಿಕೆಯೇ ವಿಷವೆಂಬ ಮಾತನ್ನು ಅಲ್ಲಗಳೆದು ಪ್ರಶ್ನೆಯನ್ನು ಆ ಒಂದು ಸೀಸೆಯ ಮಟ್ಟಕ್ಕೆ ಇಳಿಸಿತು. ಆ ಸೀಸೆಯನ್ನು ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತೆಂಬ ಸಂಗತಿಗೆ ಆಗ ಮಹತ್ವ ಬಂತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಹಾಫ್ಕಿನ್ ಪರವಾಗಿ ನಿಂತರು. 1907ರಲ್ಲಿ ಅವರ ಮೇಲಿನ ಆರೋಪ ನಿವಾರಣೆಯಾಯಿತು. ಅವರ ಪ್ರಯೋಗಾಲಯ 1899ರಿಂದ ಪರೇಲಿನ ಹಳೆಯ ರಾಜಭವನದಲ್ಲಿತ್ತು. 1925ರಲ್ಲಿ ಅದಕ್ಕೆ ಹಾಫ್ಕಿನ್ ಸಂಸ್ಥೆ ಎಂಬ ಹೆಸರು ಬಂತು.

5

ಗುಂಪುಗಳನ್ನು ಒಂದೇ ತೆರನಾಗಿಸುವುದು ಹೇಗೆ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನ ಕಂಡುಕೊಂಡ ಉತ್ತರ ಯಾದೃಚ್ಛಿಕ ಹಂಚಿಕೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯನೂ ನಿರ್ಧರಿಸುವುದಿಲ್ಲ, ರೋಗಿಯೂ ನಿರ್ಧರಿಸುವುದಿಲ್ಲ. ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡಲಾಗುತ್ತದೆ. ಗುಂಪುಗಳು ದೊಡ್ಡದಾಗಿದ್ದರೆ ನಮಗೆ ತಿಳಿದಿರುವ ಭೇದಗಳಷ್ಟೇ ಅಲ್ಲ, ತಿಳಿಯದ ಭೇದಗಳೂ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತವೆ. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ, ಬ್ರ್ಯಾಡ್‌ಫರ್ಡ್ ಹಿಲ್ ರೂಪಿಸಿದ ಕ್ಷಯರೋಗದ ಪ್ರಯೋಗ ಇದಕ್ಕೆ ಮಾದರಿಯಾಯಿತು. ಸ್ಟ್ರೆಪ್ಟೊಮೈಸಿನ್ ಪಡೆದ 55 ರೋಗಿಗಳಲ್ಲಿ ಆರು ತಿಂಗಳೊಳಗೆ 4 ಮಂದಿ ಸತ್ತರು. ಹಾಸಿಗೆಯ ವಿಶ್ರಾಂತಿಯನ್ನಷ್ಟೇ ಪಡೆದ 52 ಮಂದಿಯಲ್ಲಿ ಸತ್ತವರು 14. ಎಲ್ಲರಿಗೂ ಔಷಧವನ್ನೇಕೆ ಕೊಡಲಿಲ್ಲ ಎಂಬ ಪ್ರಶ್ನೆ ಸಹಜ. ಯುದ್ಧಾನಂತರದ ಆ ದೇಶದಲ್ಲಿ ಎಲ್ಲರಿಗೂ ಕೊಡುವಷ್ಟು ಔಷಧವೇ ಇರಲಿಲ್ಲ.

ಪರೀಕ್ಷಕನ ಪೂರ್ವಗ್ರಹವೂ ಫಲಿತಾಂಶವನ್ನು ಕೆಡಿಸಬಲ್ಲದು. ಆದುದರಿಂದ ಯಾವ ಮಾದರಿ ಯಾವ ಗುಂಪಿನದೆಂಬುದನ್ನು ಮರೆಮಾಡುವ ಪದ್ಧತಿ ಬಂತು. ನಮಗೆ ಹತ್ತಿರದ ನಿದರ್ಶನವೆಂದರೆ ಜಯಂತ ನಾರ್ಳೀಕರ್ ಅವರು 2008ರಲ್ಲಿ ಮಹಾರಾಷ್ಟ್ರದಲ್ಲಿ ಸಂಗಡಿಗರೊಂದಿಗೆ ನಡೆಸಿದ ಫಲಜ್ಯೋತಿಷ್ಯದ ಪರೀಕ್ಷೆ. ಪ್ರತಿಭಾವಂತ ಮಕ್ಕಳವು ನೂರು, ಮಾನಸಿಕ ಬೆಳವಣಿಗೆ ಕುಂಠಿತವಾದ ಮಕ್ಕಳವು ನೂರು, ಹೀಗೆ ಇನ್ನೂರು ಜಾತಕಗಳನ್ನು ಬೆರೆಸಿ, ತಲಾ ನಲವತ್ತನ್ನು ಜ್ಯೋತಿಷಿಗಳಿಗೆ ಕಳುಹಿಸಿ, ಯಾವುದು ಯಾರದೆಂದು ಗುರುತಿಸಲು ಕೇಳಲಾಯಿತು. ಉತ್ತರ ಕೊಟ್ಟ 27 ಮಂದಿಯ ಸರಾಸರಿ ಯಶಸ್ಸು ನೂರಕ್ಕೆ ಸುಮಾರು 46. ಇದು ಹೆಚ್ಚೋ ಕಡಿಮೆಯೋ? ನಾಣ್ಯ ಚಿಮ್ಮಿ ಉತ್ತರಿಸಿದ್ದರೂ ನೂರಕ್ಕೆ ಐವತ್ತು ಸರಿಯಾಗುತ್ತಿತ್ತು. ಇಲ್ಲಿ ನಾಣ್ಯವೇ ನಿಯಂತ್ರಣ. ಅದನ್ನು ಮರೆತರೆ ನಲವತ್ತರಲ್ಲಿ ಹದಿನೆಂಟು ಸರಿಯಾಯಿತೆಂಬುದೇ ಒಂದು ಪವಾಡದಂತೆ ಕಾಣುತ್ತದೆ.

6

ನಿಯಂತ್ರಣ ಗುಂಪಿನಲ್ಲಿರುವವರು ಮನುಷ್ಯರು. ಬೈಕಲಾದ ಬಂದಿಗಳು ತಾವೇ ಲಸಿಕೆಯನ್ನು ನಿರಾಕರಿಸಿದ್ದರು. ಉಂಧೇರಾದ 26 ಮಂದಿ ಹಾಗೆ ನಿರಾಕರಿಸಿದವರಲ್ಲ. ಈ ವ್ಯತ್ಯಾಸವನ್ನು ಕಡೆಗಣಿಸಿ ವಿಧಾನದ ಶುದ್ಧಿಯನ್ನಷ್ಟೇ ಮೆಚ್ಚುವುದು ಸರಿಯಾಗದು. ನಮ್ಮ ಕಾಲದಲ್ಲೇ, ನಮ್ಮ ನಗರದಲ್ಲೇ ಈ ಪ್ರಶ್ನೆ ಮತ್ತೆ ಎದ್ದಿತು.

ಟಾಟಾ ಸ್ಮಾರಕ ಆಸ್ಪತ್ರೆ ಪರೇಲಿನಲ್ಲಿದೆ. ಅದೇ ಸಂಸ್ಥೆಯ ಸಂಶೋಧನಾ ಕೇಂದ್ರ ನವಿಮುಂಬಯಿಯ ಖಾರ್ಘರ್‌ನಲ್ಲಿದೆ. ಈ ಆಸ್ಪತ್ರೆ 1998ರಲ್ಲಿ ಮುಂಬಯಿಯ ಕೊಳೆಗೇರಿಗಳಲ್ಲಿ ಒಂದು ದೀರ್ಘ ಅಧ್ಯಯನವನ್ನು ಆರಂಭಿಸಿತು. 35ರಿಂದ 64 ವರ್ಷ ವಯಸ್ಸಿನ ಮಹಿಳೆಯರಿದ್ದ ಇಪ್ಪತ್ತು ವಸತಿ ಸಮೂಹಗಳನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡಲಾಯಿತು. ಒಂದು ಪಾಲಿನ 75,360 ಮಹಿಳೆಯರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಗರ್ಭಕಂಠದ ತಪಾಸಣೆ ಮಾಡಿದರು. ಅಡುಗೆಮನೆಯ ವಿನಿಗರ್‌ನಂಥ ದುರ್ಬಲ ಅಸಿಟಿಕ್ ಆಮ್ಲವನ್ನು ಲೇಪಿಸಿ ಕಣ್ಣಿನಿಂದ ನೋಡುವ ಅಗ್ಗದ ವಿಧಾನವದು. ಇನ್ನೊಂದು ಪಾಲಿನ 76,178 ಮಹಿಳೆಯರಿಗೆ ಕ್ಯಾನ್ಸರಿನ ಬಗೆಗೆ ತಿಳಿವಳಿಕೆ ನೀಡಲಾಯಿತು, ತಪಾಸಣೆ ಮಾಡಲಿಲ್ಲ. ಡಾ. ಸುರೇಂದ್ರ ಶಾಸ್ತ್ರಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಪಾಸಣೆಯ ಗುಂಪಿನಲ್ಲಿ ಗರ್ಭಕಂಠ ಕ್ಯಾನ್ಸರಿನ ಸಾವುಗಳು ನೂರಕ್ಕೆ 31ರಷ್ಟು ಕಡಿಮೆಯಾಗಿದ್ದುವು.

ಬಡ ದೇಶಗಳಿಗೆ ಇದು ಅಮೂಲ್ಯವಾದ ತಿಳಿವು. ಆದರೆ ವಿಮರ್ಶಕರು ಕೇಳಿದ ಪ್ರಶ್ನೆ ತೀಕ್ಷ್ಣವಾದುದು. ಗರ್ಭಕಂಠದ ತಪಾಸಣೆಯಿಂದ ಜೀವ ಉಳಿಯುತ್ತದೆಂಬುದು ಪಾಶ್ಚಾತ್ಯ ದೇಶಗಳಲ್ಲಿ ಬೇರೊಂದು ವಿಧಾನದ ಮೂಲಕ ಮೊದಲೇ ತಿಳಿದಿರುವಾಗ, ಎಪ್ಪತ್ತಾರು ಸಾವಿರ ಮಹಿಳೆಯರನ್ನು ಯಾವ ತಪಾಸಣೆಯೂ ಇಲ್ಲದೆ ವರ್ಷಗಟ್ಟಲೆ ಗಮನಿಸುವುದು ನ್ಯಾಯವೇ? ತಮ್ಮ ಪಾಲಿಗೆ ತಪಾಸಣೆಯಿಲ್ಲವೆಂಬುದರ ಅರ್ಥ ಅವರಿಗೆ ಪೂರ್ಣವಾಗಿ ತಿಳಿದಿತ್ತೇ? ಸಂಶೋಧಕರ ಪಕ್ಷದ ವಾದವೂ ಹಗುರವಾದುದಲ್ಲ. ಆ ಮಹಿಳೆಯರಿಗೆ ಅಂದು ಯಾವ ತಪಾಸಣೆಯೂ ಲಭ್ಯವಿರಲಿಲ್ಲ. ಪ್ರಯೋಗ ಅವರಿಂದ ಏನನ್ನೂ ಕಸಿದುಕೊಳ್ಳಲಿಲ್ಲ. ಪಾಶ್ಚಾತ್ಯ ವಿಧಾನಕ್ಕೆ ಬೇಕಾದ ಪ್ರಯೋಗಾಲಯಗಳು ಹಳ್ಳಿಹಳ್ಳಿಗೆ ಎಟಕುವಂತಿರಲಿಲ್ಲ. ಅಗ್ಗದ ವಿಧಾನದ ಫಲ ಹೋಲಿಕೆಯಿಲ್ಲದೆ ತಿಳಿಯುವಂತಿರಲಿಲ್ಲ.

1964ರ ಹೆಲ್ಸಿಂಕಿ ಘೋಷಣೆ ಮತ್ತು ಅದರ ಮುಂದಿನ ತಿದ್ದುಪಡಿಗಳು ಇಂಥ ಪ್ರಶ್ನೆಗಳಿಗಾಗಿಯೇ ರೂಪುಗೊಂಡವು. ಹೊಸ ಚಿಕಿತ್ಸೆಯನ್ನು ಸಾಧ್ಯವಿರುವಲ್ಲೆಲ್ಲ ಈಗಾಗಲೇ ಸಿದ್ಧವಾಗಿರುವ ಉತ್ತಮ ಚಿಕಿತ್ಸೆಯೊಂದಿಗೆ ಹೋಲಿಸಬೇಕೆಂಬುದು ಅವುಗಳ ನಿಲುವು. ಆದರೆ ‘ಉತ್ತಮ’ ಎಂದರೆ ಲೋಕದಲ್ಲಿ ಎಲ್ಲಿಯಾದರೂ ಇರುವುದೋ, ಆ ಕೊಳೆಗೇರಿಯಲ್ಲಿ ಇರುವುದೋ ಎಂಬ ವಿವಾದ ಮುಗಿದಿಲ್ಲ. ಹಿಲ್ ಅವರಿಗೆ ಔಷಧದ ಅಭಾವ ನೀಡಿದ ಸಮಾಧಾನವನ್ನು ಇಲ್ಲಿ ಬಡತನ ನೀಡಬಹುದೇ ಎಂಬುದೇ ಪ್ರಶ್ನೆಯ ತಿರುಳು. ನಿಜವಾದ ಸಂದೇಹವಿರುವವರೆಗೆ ನಿಯಂತ್ರಣ ಗುಂಪು ನ್ಯಾಯ. ಸಂದೇಹ ನಿವಾರಣೆಯಾದ ಮೇಲೆ ಮೊದಲ ಋಣ ಸಲ್ಲಬೇಕಾದುದು ಆ ಗುಂಪಿಗೇ. ಇಷ್ಟನ್ನು ಎರಡೂ ಪಕ್ಷದವರು ಒಪ್ಪಬಹುದೆಂದು ತೋರುತ್ತದೆ.

7

ಇದೆಲ್ಲ ವಿಜ್ಞಾನಿಗಳ ವಿಷಯ, ಕನ್ನಡ ವಿದ್ಯಾರ್ಥಿಗಳಿಗೇನು ಸಂಬಂಧ ಎಂಬ ಸಂದೇಹ ಬರಬಹುದು. ಪ್ರತಿಲೆಕ್ಕದ ನ್ಯಾಯ ನಮ್ಮ ಶಿಸ್ತಿನಲ್ಲೂ ಇದೆ. ಒಂದು ತಾಮ್ರಪಟ ಕೂಟಶಾಸನವೇ ಎಂದು ತೀರ್ಮಾನಿಸುವಾಗ ವಿದ್ವಾಂಸರು ಅದು ಹೇಳಿಕೊಳ್ಳುವ ಕಾಲದ, ಸಂದೇಹಾತೀತವಾದ ಶಾಸನಗಳ ಲಿಪಿ ಮತ್ತು ಭಾಷೆಯೊಂದಿಗೆ ಅದನ್ನು ತಾಳೆ ನೋಡುತ್ತಾರೆ. ಆ ಶಾಸನಗಳಿಲ್ಲದಿದ್ದರೆ ತೀರ್ಮಾನಕ್ಕೆ ನೆಲೆಯಿಲ್ಲ.

ಕ್ಷೇತ್ರಕಾರ್ಯದಲ್ಲಿ ಮಾತ್ರ ಈ ಎಚ್ಚರ ಕೆಲವೊಮ್ಮೆ ಸಡಿಲವಾಗುವುದುಂಟು. ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳ ಕನ್ನಡ ಮನೆಗಳ ಮಾತಿನಲ್ಲಿ ಮರಾಠಿಯ ಪ್ರಭಾವವನ್ನು ಅಧ್ಯಯನ ಮಾಡಹೊರಟ ವಿದ್ಯಾರ್ಥಿಗೆ ಮೊದಲ ದಿನವೇ ‘ಬಟಾಟೆ’ ಎಂಬ ಪದ ಸಿಗುತ್ತದೆ. ಅದನ್ನು ಮುಂಬಯಿ ವಾಸದ ಫಲವೆಂದು ಪಟ್ಟಿಗೆ ಸೇರಿಸುವುದು ಸುಲಭ. ಆದರೆ ಅದೇ ಪದ ಕರಾವಳಿಯಲ್ಲೂ ಹುಬ್ಬಳ್ಳಿಯ ಕಡೆಯಲ್ಲೂ ಊರು ಬಿಟ್ಟು ಹೋಗದವರ ಬಾಯಲ್ಲಿದೆ. ಆ ಕುಟುಂಬ ಅದನ್ನು ಊರಿನಿಂದಲೇ ಹೊತ್ತು ತಂದಿರಬಹುದು. ಮಕ್ಕಳ ಮಾತಿನಲ್ಲಿ ಇಂಗ್ಲಿಷ್ ಬೆರಕೆ ಹೆಚ್ಚಾಗಿರುವುದೂ ಹೊರನಾಡಿನ ವಾಸದಿಂದಲೋ, ಬೆಂಗಳೂರಿನಲ್ಲೂ ಕಾಣುವ ಕಾಲಧರ್ಮದಿಂದಲೋ ಎಂಬುದು ಇಲ್ಲಿಯ ಮನೆಗಳನ್ನಷ್ಟೇ ನೋಡಿದರೆ ತಿಳಿಯದು. ಅದೇ ಊರಿನಿಂದ ಬಂದ, ಅದೇ ವಯಸ್ಸಿನ, ಅದೇ ಮಟ್ಟದ ಶಿಕ್ಷಣವುಳ್ಳ, ಆದರೆ ಊರಲ್ಲೇ ಉಳಿದ ಬಂಧುಗಳ ಮಾತನ್ನೂ ದಾಖಲಿಸಬೇಕು. ಒಂದೇ ಮನೆತನದ ಎರಡು ಕವಲುಗಳು, ಒಂದು ಡೊಂಬಿವಲಿಯಲ್ಲಿ, ಇನ್ನೊಂದು ಊರಿನಲ್ಲಿ ಎಂದಾದರೆ ಉಂಧೇರಾದ ಮನೆಗಳಂಥ ಹೋಲಿಕೆ ಹೊರನಾಡ ಕನ್ನಡದ ಸಂಶೋಧಕನಿಗೆ ದೊರೆಯುತ್ತದೆ. ಯಾರಿಗೂ ಹಾನಿಯಿಲ್ಲದ ಹೋಲಿಕೆಯದು.

ಹೀಗೆ ಮಾಡಿದಾಗ ಮುಂಬಯಿ ಕನ್ನಡದ ವೈಶಿಷ್ಟ್ಯಗಳೆಂದು ನಾವು ಎಣಿಸಿದ ಹಲವು ಅಂಶಗಳು ಪಟ್ಟಿಯಿಂದ ಬಿದ್ದುಹೋಗಬಹುದು. ಉಳಿದುಕೊಂಡವುಗಳ ಬಗೆಗೆ ಖಚಿತವಾಗಿ ಮಾತನಾಡಲು ಬರುತ್ತದೆ. ಸಂಶೋಧನೆಯ ವಿಷಯವನ್ನು ಗೊತ್ತುಪಡಿಸುವ ಹಂತದಲ್ಲೇ ‘ಇದನ್ನು ಯಾವುದರೊಂದಿಗೆ ತಾಳೆ ನೋಡುತ್ತೀರಿ?’ ಎಂದು ಮಾರ್ಗದರ್ಶಕರು ಕೇಳುವ ಪದ್ಧತಿ ಬೆಳೆದರೆ ನಮ್ಮ ಪ್ರಬಂಧಗಳ ನಿರ್ಣಯಗಳಿಗೆ ಈಗಿರುವುದಕ್ಕಿಂತ ಹೆಚ್ಚಿನ ಬಲ ಬಂದೀತು.